ನಾಲ್ಕನೆಯ ಸಹಿ

ಬಾಸ್ಟನ್, ಇಂಗ್ಲೆಂಡ್
೨೨ ಮೇ ೨೦೧೬

ಗೆಳೆಯ ದ್ಯಾಮಪ್ಪನಿಗೆ,

ಫೋನಿನಲ್ಲಿ ನೀನು "ಹೂಂ, ಆರಾಮ, ಗಿರಾಕಿ ಬಂದಾರ, ಇಡ್ತೀನಿ" ಎನ್ನುವುದು ಬಿಟ್ಟು ಬೇರೆ ಮಾತಾಡಿದ್ದು ನನಗೆ ನೆನಪಿಲ್ಲ. ಅದಕ್ಕೇ ಈ ಕಾಗದ. ಗಲ್ಲಾದ ಮೇಲೆ ಇಟ್ಟು ಮರೆಯಬೇಡ, ಕುಳಿತು ಓದು.

ಮೊದಲಿಗೆ ಒಂದು ಮಾತು. ಮೋದಿನ ಅಮೆರಿಕದಲ್ಲಿದ್ದಾನೆ ಎಂದು ಗಜೇಂದ್ರಗಡದ ತುಂಬ ಡಂಗುರ ಸಾರುವುದನ್ನು ನಿಲ್ಲಿಸು. ಅದು ಬೇರೆ ಬಾಸ್ಟನ್. ಇದು ಇಂಗ್ಲೆಂಡಿನ ಮೂಡಣ ಕಡೆಯ ಸಣ್ಣ ಊರು, ಸುತ್ತ ಕಣ್ಣು ಹಾಯುವಷ್ಟು ದೂರ ಕೋಸಿನ ಹೊಲ. ಹೊಲದಲ್ಲಿ ದುಡಿಯುವವರೆಲ್ಲ ಪೋಲೆಂಡ್, ಲಿಥುವೇನಿಯಾ ಕಡೆಯವರು. ಅವರಿಗೆ ಶನಿವಾರ ಸಂಜೆ ಕೋಳಿ ಸಾರು ಮಾಡಿ ಹಾಕುವವನು ನದಾಫರ ಮೋದಿನಸಾಬ.

ನನ್ನ ಜೊತೆ ಒಂದೇ ಮನೆಯಲ್ಲಿರುವ ಪೋಲೆಂಡಿನವನ ಹೆಸರು ಜ್ಬಿಶೆಕ್. ನಾಲಿಗೆ ಹೊರಳದೆ ಮೊದಲ ವಾರವೇ ಬಸ್ಯಾ ಎಂದು ನಾಮಕರಣ ಮಾಡಿಬಿಟ್ಟೆ. ಅವನೂ ಓ ಎನ್ನುತ್ತಾನೆ. ಹೋದ ವರ್ಷ ಕಾದ ಎಣ್ಣೆ ನನ್ನ ಕೈಮೇಲೆ ಬಿದ್ದಾಗ ಕೆಲಸ ಬಿಟ್ಟು ಎರಡು ದಿನ ದವಾಖಾನೆಯಲ್ಲಿ ಕುಳಿತವನು ಅವನೇ.

ಈಗ ವಿಷಯ. ಯುರೋಪಿನ ಇಪ್ಪತ್ತೆಂಟು ದೇಶಗಳು ಸೇರಿ ಒಕ್ಕೂಟ ಮಾಡಿಕೊಂಡಿವೆ. ಎಲ್ಲಕ್ಕೂ ಒಂದೇ ಸಂತೆ. ಯಾರು ಎಲ್ಲಿ ಬೇಕಾದರೂ ಮಾರಬಹುದು, ದುಡಿಯಬಹುದು. ಇನ್ನು ಅದರಲ್ಲಿ ಇರುವುದೋ ಬಿಡುವುದೋ ಎಂದು ಜೂನ್ ೨೩ಕ್ಕೆ ಈ ದೇಶ ಮತ ಹಾಕಲಿದೆ. ತಮಾಷೆ ಕೇಳು: ಹನ್ನೊಂದು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿರುವ ಬಸ್ಯಾನಿಗೆ ಮತವಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನನಗೆ ಇದೆ! ಹಿಂದೆ ಇವರ ಆಳ್ವಿಕೆಯಲ್ಲಿದ್ದ ದೇಶದವರು ಎಂದು ಕೊಟ್ಟಿದ್ದಾರೆ. ನಮ್ಮ ಅಜ್ಜಂದಿರು ಇವರಿಗೆ ಸಲಾಮು ಹೊಡೆದದ್ದಕ್ಕೆ ಈಗ ಇನಾಮು ಬಂದಿರಬೇಕು.

ನಿನ್ನೆ "ಬಿಡಬೇಕು" ಎನ್ನುವ ಪಕ್ಷದ ಪ್ರಚಾರದವರು ನಮ್ಮ ಹೋಟೆಲಿಗೆ ಬಂದಿದ್ದರು. ಯುರೋಪಿನವರು ಬರುವುದು ನಿಂತರೆ ನಿಮ್ಮ ಕಡೆಯ ಅಡುಗೆಯವರಿಗೆ ವೀಸಾ ಸಲೀಸು ಎಂದರು. ನನಗೆ ತಟ್ಟನೆ ನೆನಪಾದವನು ನನ್ನ ತಂಗಿಯ ಗಂಡ ಸಲಾವುದ್ದೀನ. ತಂಗಿ ಫರ್ಜಾನಾ ಹಾಸಿಗೆ-ಗಾದಿ ತುಂಬುವ ಅಂಗಡಿಯಲ್ಲಿ ದುಡಿದು ಸಾಯುತ್ತಾಳೆ, ಅವನು ಹೊಳೆಆಲೂರಿನ ಖಾನಾವಳಿಯಲ್ಲಿ ಒಲೆ ಊದುತ್ತಾನೆ. ಅವನು ಇಲ್ಲಿಗೆ ಬಂದರೆ ಮನೆ ಎದ್ದು ನಿಲ್ಲುತ್ತದೆ. ನೀನೇನು ಹೇಳುತ್ತಿ?

ನಿನ್ನ
ಮೋದಿನ


ಗಜೇಂದ್ರಗಡ
೧೦ ಜೂನ್ ೨೦೧೬

ಮೋದಿನ,

ನಿನ್ನ ಕಾಗದವನ್ನು ಗಲ್ಲಾದ ಮೇಲೆಯೇ ಇಟ್ಟು ಓದಿದೆ. ಗಿರಾಕಿಗಳಿಗೂ ಓದಿ ಹೇಳಿದೆ. ನೀನು ಅಮೆರಿಕದಲ್ಲಿಲ್ಲ ಎಂದರೆ ಯಾರೂ ನಂಬಲಿಲ್ಲ, ನನ್ನ ತಪ್ಪಲ್ಲ.

ಇದರಲ್ಲಿ ಕೇಳುವುದೇನಿದೆ? ಬಿಡಬೇಕು ಎಂದೇ ಹಾಕು. ಮನೆಯವರಿಗೆ ಜಾಗ ಆಗಬೇಕಾದರೆ ಹೊರಗಿನವರು ಸ್ವಲ್ಪ ಸರಿಯಬೇಕು. ನಿನ್ನ ಬಸ್ಯಾ ಒಳ್ಳೆಯವನಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅವನೊಬ್ಬನನ್ನು ಹುಡುಕಿಕೊಂಡು ಹೋಗಿ ಯಾರು ಹೊರಗೆ ಹಾಕುತ್ತಾರೆ? ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ.

ಫರ್ಜಾನಾಳ ಅಂಗಡಿ ಈಗ ನೋಡಬೇಕು ನೀನು. ಅರಳೆ ಹಿಂಜುವ ಹೊಸ ಮಷಿನ್ ಹಾಕಿದ್ದಾಳೆ. ನಿನ್ನ ಅಪ್ಪ ಬಿಲ್ಲು ಹಿಡಿದು ಮೂರು ದಿನ ಹಿಂಜುತ್ತಿದ್ದ ಅರಳೆ ಈಗ ಒಂದು ತಾಸಿನ ಕೆಲಸ. ವ್ಯಾಪಾರಸ್ಥರ ಸಂಘದ ಮಳಿಗೆಯಲ್ಲಿ ಅವಳದು ಆ ಸಾಲು, ನನ್ನದು ಈ ಸಾಲು. ಮದುವೆ ಮನೆಯವರು ನನ್ನಲ್ಲಿ ಗಾದಿ ಬಟ್ಟೆ ಹರಿಸಿಕೊಂಡು ರಸ್ತೆ ದಾಟಿ ಅವಳಲ್ಲಿಗೆ ಹೋಗುತ್ತಾರೆ. ಯಾರಾದರೂ ಬೇರೆ ಅಂಗಡಿಯ ಬಟ್ಟೆ ತಂದರೆ "ಅಣ್ಣನ ಕಡಿಂದ ತರ್ರಿ, ಇದು ಹರದ್ರ ನಾ ಜವಾಬ್ದಾರಲ್ಲ" ಎಂದು ವಾಪಸ್ಸು ಅಟ್ಟುತ್ತಾಳೆ. ಮೊನ್ನೆ ನರಗುಂದದಿಂದ ಬಂದವರೊಬ್ಬರು ನಾವಿಬ್ಬರೂ ಒಡಹುಟ್ಟಿದವರು ಎಂದೇ ತಿಳಿದಿದ್ದರು. ನಾನೂ ತಿದ್ದಲಿಲ್ಲ.

ದ್ಯಾಮಪ್ಪ


ಬಾಸ್ಟನ್
೩ ಜುಲೈ ೨೦೧೬

ದ್ಯಾಮಪ್ಪ,

ನಮ್ಮ ಊರಿನಲ್ಲಿ ನಾಲ್ಕರಲ್ಲಿ ಮೂವರು ಬಿಡಬೇಕು ಎಂದಿದ್ದಾರೆ. ದೇಶವೂ ಬಿಡುತ್ತದೆ. ಹೋಟೆಲಿನ ಸಾಹುಕಾರ ಮಿಠಾಯಿ ಹಂಚಿದ. ಮರುದಿನ ಬೆಳಿಗ್ಗೆ ಎದ್ದಾಗ ಬಸ್ಯಾನ ಗಾಡಿಯ ಗಾಜಿನ ಮೇಲೆ ಯಾರೋ ಸುಣ್ಣದಂಥದ್ದರಿಂದ "ಮನೆಗೆ ಹೋಗು" ಎಂದು ಬರೆದಿದ್ದರು. ಇಬ್ಬರೂ ಬಕೆಟ್ ತಂದು ತೊಳೆದೆವು. ಅವನು ಆ ಕಡೆ, ನಾನು ಈ ಕಡೆ. ಅವನು ಬಾಯಿ ತೆರೆಯುವ ಮೊದಲೇ "ನಾನು ಇರಬೇಕು ಅಂತಲೇ ಹಾಕಿದೆ ಮಾರಾಯ" ಎಂದೆ. ಅವನು ತಲೆಯಾಡಿಸಿದ. ಗಾಜು ಚೆನ್ನಾಗಿಯೇ ಹೊಳೆಯಿತು.

ಸಲಾವುದ್ದೀನನಿಗೆ ಪಾಸ್‌ಪೋರ್ಟ್ ಮಾಡಿಸಿಕೊಳ್ಳಲು ಹೇಳು.

ಮೋದಿನ


ಗಜೇಂದ್ರಗಡ
೨೫ ಜುಲೈ ೨೦೧೬

ಮೋದಿನ,

ನಿನ್ನ ಕಾಗದ ಓದಿ ನಗು ಬಂತು, ಸಿಟ್ಟೂ ಬಂತು. ತಂಗಿಯ ಗಂಡನನ್ನು ಬಿಟ್ಟು ಪೋಲೆಂಡಿನವನಿಗಾಗಿ ಮತ ಹಾಕಿದೆಯಾ? ಅಲ್ಲಿ ಹೋಗಿ ದೊಡ್ಡ ಮನುಷ್ಯನಾಗಿಬಿಟ್ಟೆ ನೀನು. ಫರ್ಜಾನಾಳಿಗೆ ಹೇಳುವುದಿಲ್ಲ, ಹೆದರಬೇಡ. ನಿನ್ನ ಮತವಿಲ್ಲದೆಯೇ ಕೆಲಸ ಆಗಿದೆ, ಪುಣ್ಯ ನಿನ್ನದು. ನಮ್ಮವರಿಗೆ ನಾವು ಆಗದಿದ್ದರೆ ಬೇರೆ ಯಾರು ಆಗುತ್ತಾರೆ, ಅಷ್ಟು ತಿಳಿದುಕೋ.

ದ್ಯಾಮಪ್ಪ


ಬಾಸ್ಟನ್
೨ ಫೆಬ್ರವರಿ ೨೦೨೦

ದ್ಯಾಮಪ್ಪ,

ಮೂರೂವರೆ ವರ್ಷ ನಿನಗೆ ಕಾಗದ ಬರೆಯಲಿಲ್ಲ. ಫೋನಿನಲ್ಲಿ ಆರಾಮ ಆರಾಮ ಎಂದುಕೊಂಡೆವು, ಸಾಕಾಯಿತು. ನಿನ್ನ ಹಿಂದಿನ ಕಾಗದಕ್ಕೆ ಏನು ಉತ್ತರ ಬರೆಯುವುದೆಂದು ನನಗೆ ತಿಳಿಯಲಿಲ್ಲ ಎಂದಷ್ಟೇ ಇಟ್ಟುಕೋ.

ಮೊನ್ನೆ ಶುಕ್ರವಾರ ಈ ದೇಶ ಒಕ್ಕೂಟವನ್ನು ಬಿಟ್ಟಿತು. ಬಸ್ಯಾ ಅದಕ್ಕೂ ಮೂರು ತಿಂಗಳು ಮೊದಲೇ ಹೋದ. ಇಲ್ಲೇ ಇರುತ್ತೇನೆ ಎಂದು ಅರ್ಜಿ ಹಾಕಿದ್ದರೆ ಒಪ್ಪಿಗೆ ಸಿಗುತ್ತಿತ್ತು, ಹಾಕಲಿಲ್ಲ. "ಹದಿನಾಲ್ಕು ವರ್ಷ ಇದ್ದ ಮನೆಯಲ್ಲಿ ಇರಲಿಕ್ಕೆ ಯಾರ ಅಪ್ಪಣೆ ಕೇಳಲಿ?" ಎಂದ. ಹೋಗುವ ದಿನ ನನ್ನ ಅಡುಗೆ ಮನೆಯ ಸೋರುವ ನಲ್ಲಿ ರಿಪೇರಿ ಮಾಡಿಟ್ಟು ಹೋದ. ಅವನು ಮಲಗುತ್ತಿದ್ದ ಖೋಲಿ ಈಗಲೂ ಖಾಲಿ ಇದೆ. ಬಾಡಿಗೆ ನಾನೊಬ್ಬನೇ ಕಟ್ಟುತ್ತೇನೆ.

ಸಲಾವುದ್ದೀನನ ವೀಸಾ ಆಗಲಿಲ್ಲ. ಅಡುಗೆಯವನಿಗೆ ಇಷ್ಟು ಸಂಬಳ ಇರಬೇಕು ಎನ್ನುತ್ತಾರಲ್ಲ, ಅಷ್ಟು ನಮ್ಮ ಸಾಹುಕಾರನಿಗೇ ಹುಟ್ಟುವುದಿಲ್ಲ. ವೀಸಾ ಸಲೀಸು ಎಂದು ನಮ್ಮ ಬಿರಿಯಾನಿ ತಿಂದು ಹೋದ ಪ್ರಚಾರದವರು ಆಮೇಲೆ ಈ ಕಡೆ ತಲೆ ಹಾಕಿಲ್ಲ.

ಮೋದಿನ


ಗಜೇಂದ್ರಗಡ
೨೦ ಮಾರ್ಚ್ ೨೦೨೨

ಪ್ರಿಯ ಮೋದಿನ,

ನಿನ್ನ ಕಾಗದಕ್ಕೆ ಎರಡು ವರ್ಷ ಉತ್ತರ ಬರೆಯಲು ಆಗಲಿಲ್ಲ. ಕೊರೊನಾ ಬಂತು, ಅಂಗಡಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಈಗ ಎಲ್ಲ ಚಲೋ ಇದೆ. ಈ ವರ್ಷ ಹತ್ತಿಗೆ ಹಿಂದೆಂದೂ ಕಾಣದ ಧಾರಣೆ. ಅಸೂಟಿಯ ರೈತರು ಹೊಸ ಮೋಟಾರ್‌ಸೈಕಲ್ ತೆಗೆದುಕೊಂಡು ನಮ್ಮ ಅಂಗಡಿ ಮುಂದೆಯೇ ಪೂಜೆ ಮಾಡಿಸುತ್ತಾರೆ. ಮಗಳು ಪೂಜಾಳಿಗೆ ವರ ಗೊತ್ತಾಗಿದೆ, ರೋಣದವರು, ಒಳ್ಳೆಯ ಜನ. ಶ್ರಾವಣದಲ್ಲಿ ಮದುವೆ. ಬಿಸಿಲು ಈಗಲೇ ಭಾಳ.

ಬಜಾರಿನಲ್ಲಿ ಒಂದು ಹೊಸ ಬಳಗ ಆಗಿದೆ. ಕೊಟ್ರೇಶ ಎಂಬ ಹುಡುಗ ಮುಂದಾಳು, ಗೊಬ್ಬರದ ಅಂಗಡಿಯವರ ಮಗ, ಮಾತು ಚೆನ್ನಾಗಿ ಆಡುತ್ತಾನೆ. ಸ್ವಾಭಿಮಾನ, ನಮ್ಮವರ ವ್ಯಾಪಾರ, ಹೀಗೆ ಏನೇನೋ. ಎಲ್ಲರೂ ಸೇರಿದ್ದಾರೆ. ಅದರಲ್ಲಿ ಅಂಥದ್ದೇನೂ ಇಲ್ಲ. ನಿನಗೆ ಯಾರಾದರೂ ಏನಾದರೂ ಹೇಳಿದರೆ ತಲೆಗೆ ಹಚ್ಚಿಕೊಳ್ಳಬೇಡ.

ಫರ್ಜಾನಾ ಆರಾಮ ಇದ್ದಾಳೆ.

ನಿನ್ನ
ದ್ಯಾಮಪ್ಪ


ಬಾಸ್ಟನ್
೯ ಏಪ್ರಿಲ್ ೨೦೨೨

ದ್ಯಾಮಪ್ಪ,

ಜೀವನದಲ್ಲಿ ಮೊದಲ ಸಲ ನೀನು ನನಗೆ "ಪ್ರಿಯ" ಎಂದು ಬರೆದೆ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಿಮ್ಮ ಹೊಸ ಬಳಗದ ಮನವಿ ಪತ್ರದ ಫೋಟೋವನ್ನು ಫರ್ಜಾನಾ ಕಳಿಸಿದ್ದಾಳೆ. ಹಳೆಯ ವ್ಯಾಪಾರಸ್ಥರ ಸಂಘವನ್ನು ಬಿಡುತ್ತೇವೆ, ಮಳಿಗೆಗಳನ್ನು ಹೊಸ ಬಳಗಕ್ಕೆ ಒಪ್ಪಿಸಬೇಕು, ಬಳಗದಲ್ಲಿ ನಮ್ಮ ಸಮಾಜದವರಿಗೆ ಮಾತ್ರ ಅಂಗಡಿ ಎಂದಿದೆ. ಮೇ ೨೯ಕ್ಕೆ ಸಭೆ, ಕೈ ಎತ್ತಿ ತೀರ್ಮಾನ. ಕೆಳಗೆ ಐದು ಸಹಿ. ನಾಲ್ಕನೆಯದು ನಿನ್ನದು. ಏಳನೇ ಇಯತ್ತೆಯಲ್ಲಿ ನಿನ್ನ ಅಪ್ಪನ ಸಹಿಯನ್ನು ಪ್ರಗತಿ ಪತ್ರದ ಮೇಲೆ ನಾನೇ ಹಾಕಿ ಕೊಟ್ಟಿದ್ದೆ, ನಿಮ್ಮ ಮನೆತನದ ಸಹಿ ನನಗೆ ಗುರುತು ಸಿಗುವುದಿಲ್ಲವೇ?

ಮೂರು ವರ್ಷದ ಹಿಂದೆ ಮಲಪ್ರಭೆ ಉಕ್ಕಿ ಹೊಳೆಆಲೂರಿನ ಮಂದಿ ಶಾಲೆಯ ನೆಲದ ಮೇಲೆ ಮಲಗಿದ್ದಾಗ ನಿನ್ನ ಬಟ್ಟೆ, ಅವಳ ಅರಳೆ ಸೇರಿಸಿ ಅರವತ್ತು ಗಾದಿ ಕಳಿಸಿದಿರಿ. ನೀನೇ ಫೋನ್ ಮಾಡಿ ಹೇಳಿದೆ, ಅವತ್ತು ಗಿರಾಕಿ ಬಂದರೂ ಇಡಲಿಲ್ಲ. ಆಗ ಅವಳು ಯಾವ ಸಮಾಜದವಳಿದ್ದಳು?

ಅವಳಿಗೆ ಆ ಅಂಗಡಿ ಬಿಟ್ಟರೆ ಬೇರೇನೂ ಇಲ್ಲ. ಸಲಾವುದ್ದೀನನ ಖಾನಾವಳಿ ಕೊರೊನಾದಲ್ಲಿ ಮುಚ್ಚಿತು, ಇನ್ನೂ ತೆರೆದಿಲ್ಲ. ಇದೆಲ್ಲ ನಿನಗೆ ಗೊತ್ತು. ಗೊತ್ತಿದ್ದೂ "ಫರ್ಜಾನಾ ಆರಾಮ" ಎಂದು ಹೇಗೆ ಬರೆದೆ?

ಮೋದಿನಸಾಬ ನದಾಫ


ಗಜೇಂದ್ರಗಡ
೨೪ ಏಪ್ರಿಲ್ ೨೦೨೨

ಮೋದಿನ,

ಮೂರು ಸಲ ಬರೆದು ಹರಿದು ಹಾಕಿದೆ. ಮೊದಲನೆಯದರಲ್ಲಿ ನಿನ್ನನ್ನೇ ಬೈದಿದ್ದೆ. ಎರಡನೆಯದರಲ್ಲಿ ಒತ್ತಾಯದಿಂದ ಸಹಿ ಹಾಕಿಸಿಕೊಂಡರು ಎಂದಿದ್ದೆ, ಅದು ಸುಳ್ಳು. ಯಾರೂ ಕೈ ಹಿಡಿದು ಹಾಕಿಸಲಿಲ್ಲ.

ಕೊಟ್ರೇಶನ ಭಾಷಣ ಕೇಳಿದ ದಿನ ನನಗೆ ಎದೆ ಉಬ್ಬಿತ್ತು. ನಲವತ್ತು ವರ್ಷ ಬಟ್ಟೆ ಅಳೆದವನನ್ನು ವೇದಿಕೆ ಹತ್ತಿಸಿ, ಶಾಲು ಹಾಕಿ, "ಇವರು ನಮ್ಮ ಬಜಾರದ ಹಿರಿಯರು" ಎಂದ. ಅವನು ಹೊರಗಿನವರು, ಹೊರಗಿನವರು ಎನ್ನುತ್ತಿದ್ದ. ನಾನು ಎಲ್ಲಿಂದಲೋ ಬಂದು ರಸ್ತೆಯಲ್ಲಿ ಕಡಿಮೆ ದರಕ್ಕೆ ಸೀರೆ ಮಾರಿ ಹೋಗುವವರು ಎಂದೇ ತಿಳಿದೆ. ಮಸೀದಿ ಸಾಲಿನ ನಿಮ್ಮವರ ನಾಲ್ಕು ಅಂಗಡಿಗಳೂ ನೆನಪಾದವು, ಆದರೆ ಆಣೆ ಮಾಡಿ ಹೇಳುತ್ತೇನೆ, ಫರ್ಜಾನಾ ನೆನಪಾಗಲೇ ಇಲ್ಲ. ಅವಳು ಅವರಲ್ಲಿ ಒಬ್ಬಳು ಎಂದು ನನಗೆ ಹೊಳೆಯಲೇ ಇಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಉಳಿದ ನಾಲ್ವರ ಅಂಗಡಿ ಹೋದರೆ ನನಗೆ ನಡೆಯುತ್ತಿತ್ತು ಎಂದ ಹಾಗಾಯಿತು.

ನಿನ್ನ ಕಾಗದ ಬಂದ ದಿನವೇ ಅವಳ ಅಂಗಡಿಗೆ ಹೋದೆ. "ನನ್ನ ಅಂಗಡ್ಯಾಗ ಹಿಂದಿನ ಖೋಲಿ ಖಾಲಿ ಐತೆವ್ವಾ. ಮಷಿನ್ ಅಲ್ಲಿ ಇಡು, ಬಾಡಿಗಿ ಬ್ಯಾಡ, ಯಾರೂ ಕೇಳಂಗಿಲ್ಲ" ಎಂದೆ. ತಲೆಗೆ, ಹುಬ್ಬಿಗೆಲ್ಲ ಅರಳೆ ಹತ್ತಿತ್ತು ಅವಳಿಗೆ. ಮಷಿನ್ ಬಂದ್ ಮಾಡಿ ಎದ್ದು ನಿಂತಳು.

"ಅಣ್ಣಾ, ನಿಮ್ಮ ಅಂಗಡ್ಯಾಗ ಜಾಗಾ ಯಾರ್ ಕೇಳ್ಯಾರ? ನನ್ನ ಅಂಗಡಿ ನನಗ ಬಿಡ್ರಿ ಅನ್ನಾಕತ್ತೀನಿ. ಸಹಿ ಮಾಡೂದು ಮಂದಿ ಮುಂದ, ಮರಗೂದು ಹಿಂದಿನ ಖೋಲ್ಯಾಗೇನು?"

ನಾನು ರಸ್ತೆ ದಾಟಿ ಬಂದೆ. ಕೊಟ್ರೇಶನನ್ನು ಒಳಗೊಳಗೇ ಕಂಡು ಮಾತಾಡಬೇಕು ಎಂದಿದ್ದೇನೆ. ಸಭೆಯಲ್ಲಿ ಎದ್ದು ಹೇಳಿದರೆ ಪೂಜಾಳ ಬೀಗರು ಏನೆಂದುಕೊಳ್ಳುತ್ತಾರೋ, ಅವರೂ ರೋಣದಲ್ಲಿ ಅದೇ ಬಳಗದವರು. ನೀನೇ ಏನಾದರೂ ದಾರಿ ಹೇಳು.

ದ್ಯಾಮಪ್ಪ


ಬಾಸ್ಟನ್
೮ ಮೇ ೨೦೨೨

ದ್ಯಾಮಪ್ಪ,

ನಿನ್ನ ಕಾಗದವನ್ನು ಬಸ್ಯಾನ ಖಾಲಿ ಖೋಲಿಯಲ್ಲಿ ಕುಳಿತು ಓದಿದೆ. ಓದಿ ಮುಗಿಸಿ ಬಹಳ ಹೊತ್ತು ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಯಾಕೆಂದು ಹೇಳುತ್ತೇನೆ.

ಆರು ವರ್ಷದ ಹಿಂದೆ ಮತಗಟ್ಟೆಯಲ್ಲಿ ನಾನು ಬಿಡಬೇಕು ಎಂದೇ ಹಾಕಿದ್ದೆ. ನೀನು ಹೇಳಿದೆಯೆಂದಲ್ಲ, ನಿನ್ನ ಕಾಗದ ಬರುವ ಮೊದಲೇ ತೀರ್ಮಾನ ಮಾಡಿದ್ದೆ. ಸಲಾವುದ್ದೀನನಿಗೆ ಜಾಗ ಆಗಲಿ ಎಂದು ಹಾಕಿದೆ. ಮತಗಟ್ಟೆಗೆ ನನ್ನನ್ನು ಗಾಡಿಯಲ್ಲಿ ಕರೆದುಕೊಂಡು ಹೋದವನು ಬಸ್ಯಾ. ಮಳೆ ಇತ್ತು, ನೆನೆಯಬೇಡ ಎಂದು. ಹೊರಗೆ ಗಾಡಿಯಲ್ಲಿ ಕುಳಿತು ನನಗೆ ಕಾದ. ನಾನು ಒಳಗೆ ಹೋಗಿ ಗುರುತು ಹಾಕಿ ಬಂದು ಅವನ ಪಕ್ಕದಲ್ಲೇ ಕುಳಿತೆ. ಹೊರಗಿನವರು ಎನ್ನುವಾಗ ನನಗೂ ಅವನು ನೆನಪಾಗಿರಲಿಲ್ಲ. ಅಲ್ಲೇ ಬಾಗಿಲ ಮುಂದೆ ಇದ್ದ.

ಹೋದ ವಾರ ಪೋಲೆಂಡಿಗೆ ಫೋನ್ ಮಾಡಿ ಎಲ್ಲ ಹೇಳಿದೆ. "ಗೊತ್ತಿತ್ತು" ಎಂದ. ಯಾವಾಗಿನಿಂದ ಎಂದೆ. "ಗಾಜು ತೊಳೆಯುವಾಗಿನಿಂದ. ನಾನು ಕೇಳುವ ಮೊದಲೇ ನೀನು ಉತ್ತರ ಹೇಳಿದೆಯಲ್ಲ" ಎಂದ. ಗೊತ್ತಿದ್ದೂ ಮೂರು ವರ್ಷ ನನ್ನ ಜೊತೆ ಒಂದೇ ಒಲೆಯ ಮೇಲೆ ಬೇಯಿಸಿಕೊಂಡು ಉಂಡಿದ್ದಾನೆ. ನಾನು ಹೇಳಲಿ ಎಂದು ಕಾದಿದ್ದನಂತೆ. ಫೋನ್ ಇಟ್ಟು ಅತ್ತುಬಿಟ್ಟೆ. ಈ ವಯಸ್ಸಿನಲ್ಲಿ ಹಾಗೆ ಅಳುತ್ತೇನೆಂದು ನನಗೇ ತಿಳಿದಿರಲಿಲ್ಲ.

ನಿನಗೆ ದಾರಿ ಹೇಳುವ ಯೋಗ್ಯತೆ ನನಗಿಲ್ಲ. ನನ್ನದು ಪೆಟ್ಟಿಗೆಗೆ ಬಿದ್ದ ಚೀಟಿ, ಬೇಕೆಂದರೂ ಹೊರಗೆ ತೆಗೆಯಲು ಬರುವುದಿಲ್ಲ. ನಿನ್ನ ಸಭೆ ಇನ್ನೂ ಆಗಿಲ್ಲ. ಕೊಟ್ರೇಶನ ಜೊತೆ ಒಳಗೊಳಗೆ ಮಾತಾಡುವುದು ಬೇಡ. ಫರ್ಜಾನಾ ಹೇಳಿದ್ದು ನಿನಗೆ ಅರ್ಥವಾಗಿದೆ, ನನ್ನಿಂದ ಇನ್ನೊಮ್ಮೆ ಯಾಕೆ ಹೇಳಿಸುತ್ತಿ?

ಮೋದಿನ


ಗಜೇಂದ್ರಗಡ
೩ ಜುಲೈ ೨೦೨೨

ಮೋದಿನ,

ಫೋನಿನಲ್ಲಿ ಹೇಳಲಿಕ್ಕೆ ಬಾಯಿ ಬರಲಿಲ್ಲ. ಫರ್ಜಾನಾ ನಿನಗೆ ಆಗಲೇ ತಿಳಿಸಿರುತ್ತಾಳೆ. ಆದರೂ ನನ್ನ ಕೈಯಿಂದ ಬರೆಯುತ್ತೇನೆ.

ಸಭೆಯಲ್ಲಿ ಎದ್ದು ನಿಂತೆ. "ನಾಲ್ಕನೇ ಸಹಿ ನಂದು. ಯಾರೂ ಜುಲುಮಿ ಮಾಡಿಲ್ಲ, ನಾನ ಮಾಡೀನಿ. ತಪ್ಪಾಗೈತಿ. ಅದನ್ನ ಹೊಡದ ಹಾಕ್ರಿ. ಯಾರನ್ನ ಹೊರಗ ಹಾಕಾಕ ಹೊಂಟೀವಲ್ಲ, ಈ ಮಳಗಿ ಕಟ್ಟುವಾಗ ಅವರ ಹಿರ್ಯಾರೂ ಕಲ್ಲು ಹೊತ್ತಾರ" ಎಂದೆ. ಇನ್ನೂ ಹೇಳುವುದಿತ್ತು, ನೆನಪು ಹಾರಿತು.

ಕೊಟ್ರೇಶ ಸಿಟ್ಟಿಗೇಳಲಿಲ್ಲ, ನಕ್ಕ. "ದ್ಯಾಮಪ್ಪಣ್ಣಾ, ಸಹಿ ಅಂದ್ರ ಸೀರಿ ಏನು, ಬಣ್ಣಾ ಮನಸಿಗೆ ಬರಲಿಲ್ಲಂತ ವಾಪಸ್ ಕೊಡಾಕ?" ಸಭೆ ಎಲ್ಲ ಘೊಳ್ಳೆಂದಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೈ ಎತ್ತಲು ಹೇಳಿದರು. ಮಸೀದಿ ಸಾಲಿನವರು, ಫರ್ಜಾನಾ ಬಿಟ್ಟರೆ ಬೇಡ ಎಂದವರು ಇಬ್ಬರೇ: ನಾನು ಮತ್ತು ಚುರುಮುರಿ ಅಂಗಡಿಯ ಹೊನ್ನವ್ವ. ಹೊನ್ನವ್ವ ಎರಡೂ ಕೈ ಎತ್ತಿದ್ದಳು, ಒಂದನ್ನು ಇಳಿಸಲು ಹೇಳಿದರು.

ಬೀಗರು ಎರಡು ವಾರ ಮಾತಾಡಲಿಲ್ಲ. ಆಮೇಲೆ ಪೂಜಾಳೇ ಹುಡುಗನಿಗೆ ಫೋನ್ ಮಾಡಿ ಏನು ಹೇಳಿದಳೋ, ಮದುವೆ ಉಳಿದಿದೆ. ನಾನು ಕೇಳಲು ಹೋಗಿಲ್ಲ.

ಜೂನ್ ಹತ್ತಕ್ಕೆ ಫರ್ಜಾನಾ ಅಂಗಡಿ ಖಾಲಿ ಮಾಡಿದಳು. ಮಷಿನ್ ಟೆಂಪೋಕ್ಕೆ ಏರಿಸುವಾಗ ಕೈ ಹಚ್ಚಲು ಹೋದೆ. ಸಲಾವುದ್ದೀನ "ಇರ್ಲಿರಿ, ಆತು" ಎಂದ. ಈಗ ಅವಳು ರೋಣದಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡಿನಲ್ಲಿದ್ದಾಳೆ. ಇಲ್ಲಿ ನನ್ನ ಗಾದಿ ಬಟ್ಟೆ ಥಾನುಗಟ್ಟಲೆ ಬಿದ್ದಿದೆ. ಗಿರಾಕಿ ಬಂದು ಬಟ್ಟೆ ಮುಟ್ಟಿ ನೋಡಿ, ಎಲ್ಲಿ ತುಂಬಿಸುವುದು ಎಂದು ಕೇಳುತ್ತಾರೆ. ರೋಣಕ್ಕೆ ಹೋಗಿ ಎನ್ನುತ್ತೇನೆ. ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಎದ್ದು ಹೋಗುತ್ತಾರೆ.

ನಿನ್ನೆ ನಾನೇ ಹೋದೆ. ಪೂಜಾಳ ಮದುವೆ ಗಾದಿಗೆ ಅಂಗಡಿಯಲ್ಲಿದ್ದ ಒಳ್ಳೆಯ ಬಟ್ಟೆ ಆರಿಸಿ, ಬಗಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಶೆಡ್ಡಿನ ಮುಂದೆ ಮೂವರು ಕಾಯುತ್ತಿದ್ದರು. ನಾನೂ ಅವರ ಹಿಂದೆ ನಿಂತೆ.

ನನ್ನ ಪಾಳಿ ಬಂದಾಗ ತಲೆಯೆತ್ತಿ ನೋಡಿದಳು. "ಬರ್ರಿ ಸಾಹುಕಾರ್ರ" ಎಂದಳು.

ಸಾಹುಕಾರ್ರ. ಹುಟ್ಟಿದಾಗಿನಿಂದ ನನ್ನನ್ನು ಅಣ್ಣಾ ಎಂದ ಹುಡುಗಿ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು.

"ಫರ್ಜಾನಾ, ನಾ ಸಭಾದಾಗ ಎದ್ದು ಹೇಳೀನಿ. ಎಲ್ಲಾರ ಮುಂದ ಹೇಳೀನಿ" ಎಂದೆ.

"ಅಲ್ಲೇ ಕುಂತಿದ್ದೆ, ಕೇಳೀನ್ರಿ ಸಾಹುಕಾರ್ರ. ಚಲೋ ಆತು" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟೆ ಬಿಚ್ಚಿ, ಬೆಳಕಿಗೆ ಹಿಡಿದು ನೋಡಿ, ಕಿವಿಯ ಮೇಲಿನ ಪೆನ್ಸಿಲ್ ತೆಗೆದಳು. "ಅಳತಿ ಹೇಳ್ರಿ. ಹಿಂದ ಮಂದಿ ನಿಂತಾರ."

ಉದ್ದ ಆರೂವರೆ, ಅಗಲ ಐದು ಎಂದೆ. ಬರೆದುಕೊಂಡಳು.

ದ್ಯಾಮಪ್ಪ